ಕಬ್ಬಿಣದ ರಥಗಳು

ಜೂನ್ 3, ಮಂಗಳವಾರ

ಲಾಂಡ್ರಿಯಲ್ಲಿ ಇವತ್ತೂ ಬರೀ ಆಸ್ಪತ್ರೆ ಬೆಡ್‌ಶೀಟು. ಇಸ್ತ್ರಿ ಮಾಡಿ ಮಾಡಿ ಮುಂಗೈ ನೋವು. ಹಳೆಯದೊಂದನ್ನು ಕೇಳಿ ತಂದು ಉದ್ದುದ್ದ ಹರಿದೆ, ಅಕ್ಕನ ಎದೆಗೆ ಕಟ್ಟಲು. ಅವಳ ಮಗು ಹೋಗಿ ವಾರವಾಯಿತು. ಹಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಕಟ್ಟುವಾಗ ಕೇಳಿದಳು — "ದೇವರ ಕೈಲಿ ಎಲ್ಲಾ ಆಗುತ್ತೆ ಅಲ್ವೇನೇ? ಆದ್ರೂ ಉಳಿಸಲಿಲ್ಲ. ನನ್ನ ಮೇಲೆ ಅಷ್ಟು ಸಿಟ್ಟಾ?"

ಪಟ್ಟಿಯ ಗಂಟು ಬಿಗಿದೆ.

ಜೂನ್ 5

ದೊಡ್ಡಮಾವ ಬಂದಿದ್ದರು. ಮೈಕಿಲ್ಲದೆಯೇ ಬೀದಿಗೆ ಕೇಳುವ ಆ ದನಿಗೆ ಮನಸ್ಸಿನಲ್ಲಿ ನಾನಿಟ್ಟ ಹೆಸರು ಮೈಕಾಸುರ. "ಅವನು ಸರ್ವಶಕ್ತ ಕಣಮ್ಮ. ಬೇಡ ಅಂದ, ತಗೊಂಡ. ಏನು ತಪ್ಪು ಮಾಡಿದ್ದೀಯೋ ನೆನಪು ಮಾಡ್ಕೋ. ಭಾನುವಾರದ ಓದಿನಲ್ಲಿ ಎಲ್ಲರ ಮುಂದೆ ಒಪ್ಕೋ."

ಅವರು ಹೋದ ಮೇಲೆ ಅಕ್ಕ — "ಏನಂತ ಒಪ್ಕೊಳ್ಳಲೇ? ಅತ್ತೆಗೆ ಎದುರಾಡಿದ್ದು ಸಾಕಾಗುತ್ತಾ?"

ಮೈ ಉರಿಯಿತು.

ಜೂನ್ 7

ಭಾನುವಾರದ ಓದಿನ ಗ್ರಂಥವನ್ನು ನಾನೇ ಓದುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಓದು, ಬೆರಳಿಟ್ಟುಕೊಂಡು. ಸರ್ವಶಕ್ತ ಅಂತ ಇದೆ... ಇದೆ, ಸುಳ್ಳು ಹೇಳಬಾರದು. ಆದರೆ ಇದೂ ಇದೆ: ದೇವರು ಜೊತೆಗಿದ್ದ, ಅವನ ಜನ ಬೆಟ್ಟ ಗೆದ್ದರು. ಬಯಲಿನವರನ್ನು ಮಾತ್ರ ಓಡಿಸಲಾಗಲಿಲ್ಲ. ಅವರಿಗೆ ಕಬ್ಬಿಣದ ರಥಗಳಿದ್ದವು.

ಇದನ್ನು ಮಾವ ಗಟ್ಟಿಯಾಗಿ ಓದಿದ್ದು ಒಮ್ಮೆಯೂ ಕೇಳಿಲ್ಲ.

ಜೂನ್ 8, ಭಾನುವಾರ

ನಮ್ಮ ಮನೆಯ ಓದಿನಲ್ಲಿ ಗ್ರಂಥ ಕೈಯಿಂದ ಕೈಗೆ ಹೋಗುತ್ತದೆ. ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು. ಮಾವ ಮಾಡಿದ ನಿಯಮ. ನಾನು ಯಾವಾಗಲೂ ತೆರೆಯದೆ ಪಕ್ಕಕ್ಕೆ ದಾಟಿಸುವವಳು. ಪಕ್ಕದಲ್ಲಿ ಅಕ್ಕ ಆಗಲೇ ಕೈ ಚಾಚಿದ್ದಳು.

ಕೊಡಲಿಲ್ಲ. ತೆರೆದೆ. ತಡವರಿಸಿದೆ, ರಥಗಳವರೆಗೂ ಓದಿದೆ.

"ಅವರ ನಂಬಿಕೆ ಸಾಲದೇ ಹೋಯ್ತು, ಅದಕ್ಕೆ," ಎಂದರು ಮಾವ.

"ಇಲ್ಲಿ ಹಾಗಿಲ್ಲ ಮಾವ. ರಥ ಇತ್ತು, ಅದಕ್ಕೇ ಅಂತಿದೆ."

"ನೋಡ್ರಪ್ಪ, ನಾಲ್ಕನೇ ಕ್ಲಾಸು ನನಗೆ ಪಾಠ ಹೇಳ್ತಿದೆ." ಎಲ್ಲರೂ ನಕ್ಕರು.

"ನಾಲ್ಕನೇ ಕ್ಲಾಸಿಗೂ ತಿಳಿಯೋ ಹಾಗೆ ಬರೆದಿದ್ದಾರೆ ಮಾವ."

ನಗು ನಿಂತಿತು.

"ಅಕ್ಕನಿಗೆ ಕೊಡು," ಎಂದರು ಮಾವ.

ಮಡಿಲಲ್ಲಿ ಒತ್ತಿ ಹಿಡಿದು ಕೂತೆ. ಗ್ರಂಥ ಕೈಯಲ್ಲಿಲ್ಲದೆ ಅಕ್ಕ ಏನನ್ನೂ ಒಪ್ಪಿಕೊಳ್ಳುವಂತಿಲ್ಲ. ಕೈ ಬಿಡಲಿಲ್ಲ. ಕೊನೆಗೆ ಮಾವನೇ ಎದ್ದು ಚಪ್ಪಲಿ ಮೆಟ್ಟಿದರು.

ಜೂನ್ 11

ಮಾವ ಅಮ್ಮನಿಗೆ ಫೋನ್ ಮಾಡಿದರಂತೆ — ಚಿಕ್ಕವಳಿಗೆ ಬಾಯಿ ಬಂದಿದೆ. ಬಂದಿದೆ. ಇನ್ನು ಹೋಗಲ್ಲ.

ಪಟ್ಟಿ ಬಿಚ್ಚುತ್ತಾ ಅಕ್ಕ ಕೇಳಿದಳು — "ದೇವರ ಕೈಲೂ ಆಗ್ಲಿಲ್ಲ ಅಂತೀಯಾ?"

"ಆಗಿದ್ರೆ ಬಿಡ್ತಿದ್ನಾ?"

ಬಿಚ್ಚಿದ ಪಟ್ಟಿಯನ್ನು ಕೈಗೆ ಸುತ್ತಿಕೊಂಡಳು. "ಹಾಗಾದ್ರೆ ಅವನೂ ಅತ್ತಿರ್ತಾನೆ ಕಣೇ," ಅಂದಳು. ಆಮೇಲೆ ತಾನೂ ಅತ್ತಳು. ಮಗು ಹೋದಮೇಲೆ ಮೊದಲ ಸಲ.

ಈಗ ಒಳಗಿಂದ ಕರೆಯುತ್ತಿದ್ದಾಳೆ. ರಥದ ಆ ಸಾಲನ್ನು ಇನ್ನೊಮ್ಮೆ ಓದಬೇಕಂತೆ, ಗಟ್ಟಿಯಾಗಿ. ಬಂದೆ ಅಕ್ಕ, ಆ ಪುಟದಲ್ಲಿ ಬೆರಳಿಟ್ಟೇ ಇದ್ದೀನಿ—