ಐದಕ್ಕೆ ಎರಡು

ಹ್ಯಾರಿಸ್ ಪಾರ್ಕ್, ಸಿಡ್ನಿ
ಭಾನುವಾರ, ಜೂನ್ 1, 2025

ಪ್ರೀತಿಯ ತೇಜೂ,

ಕ್ರಾನ್‌ಬರ್ನ್‌ನಲ್ಲಿ ನೀನೂ ಆದ್ಯಾಳೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಮೆಲ್ಬರ್ನ್ ಚಳಿಗೆ ಮಗಳು ಎರಡು ಸ್ವೆಟರ್ ಹಾಕಿಕೊಳ್ಳುತ್ತಾಳಂತೆ, ಒಳ್ಳೆಯದು. ನಾನಂತೂ ಅತ್ಯುತ್ತಮವಾಗಿದ್ದೇನೆ. ಫೋನು ಇರುವ ಈ ಕಾಲದಲ್ಲಿ ಪತ್ರ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾನು ನಿನಗೆ ಮಾತಾಡಲು ಬಿಡುವುದಿಲ್ಲ ಎಂಬುದು ನಿನ್ನ ಹಳೆಯ ದೂರು. ಪತ್ರದಲ್ಲಿ ಆ ತೊಂದರೆಯೇ ಇಲ್ಲ. ನಾನು ನಿರಾತಂಕವಾಗಿ ಹೇಳುತ್ತೇನೆ, ನೀನು ನಿರಾತಂಕವಾಗಿ ಓದು.

ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳು ಹದಿನಾಲ್ಕಕ್ಕೆ ನೀನು ಈ ಮನೆ ಬಿಟ್ಟು ಹನ್ನೆರಡು ತಿಂಗಳು ತುಂಬುತ್ತದೆ. ಈ ದೇಶದಲ್ಲಿ ಒಂದು ವರ್ಷ ಬೇರೆ ಇದ್ದರೆ ವಿಚ್ಛೇದನಕ್ಕೆ ಅರ್ಜಿ ಹಾಕಬಹುದು, ನೀನು ಹಾಕುವ ಯೋಚನೆಯಲ್ಲಿದ್ದೀಯ ಎಂದು ಆದ್ಯಾ ಬಾಯಿ ತಪ್ಪಿ ಹೇಳಿದಳು. ಅವಳನ್ನು ಬೈಯಬೇಡ. ನನಗೆ ಗಾಬರಿಯಾಗಿಲ್ಲ. ಹದಿನೇಳು ವರ್ಷದ ಸಂಸಾರ ಆಫೀಸು ಕೆಲಸಕ್ಕೆ ಅಂಕ ಕೊಡುವ ಒಂದು ಅಪ್ರೈಸಲ್ ಫಾರಮ್ಮಿನಿಂದ ಮುರಿಯುವುದಿಲ್ಲ ಎಂಬ ಭರವಸೆ ನನಗಿದೆ. ಅರ್ಜಿ ಹಾಕುವ ಮೊದಲು ಇದನ್ನು ಕೊನೆಯವರೆಗೆ ಓದು, ಅಷ್ಟೇ ನಾನು ಕೇಳುವುದು.

ಮೊದಲು ಒಳ್ಳೆಯ ಸುದ್ದಿ. ಕಂಪನಿಯ ಸಿಡ್ನಿ, ಮೆಲ್ಬರ್ನ್ ಶಾಖೆಗಳನ್ನು ಒಂದು ಮಾಡಿ ಎರಡಕ್ಕೂ ಒಬ್ಬರೇ ಹೆಡ್ ಅನ್ನು ನೇಮಿಸುತ್ತಿರುವುದು ನಿನಗೂ ಗೊತ್ತು. ಹೆಸರನ್ನು ನಾಳೆ ಹನ್ನೊಂದಕ್ಕೆ ಹೇಳುತ್ತಾರೆ. ನನಗೆ ಯಾರೂ ಏನೂ ಹೇಳಿಲ್ಲ, ಆದರೆ ಲಕ್ಷಣ ನೋಡಿದರೆ ತಿಳಿಯುತ್ತದೆ. ಕಳೆದ ವಾರ ಡೈರೆಕ್ಟರ್ ಮೇಡಂ ಬಂದು ನನ್ನ ಜೊತೆ ಪೂರ್ತಿ ಆರು ನಿಮಿಷ ಕೂತಿದ್ದರು. ನಿಮಗೆ ರಜೆ ಎಷ್ಟು ಬಾಕಿ ಇದೆ, ಒಟ್ಟಿಗೇ ತೆಗೆದುಕೊಳ್ಳಬಾರದೇ ಎಂದು ಕಾಳಜಿಯಿಂದ ವಿಚಾರಿಸಿದರು. ದೊಡ್ಡ ಜವಾಬ್ದಾರಿ ಹೊರಿಸುವ ಮೊದಲು ಮನುಷ್ಯ ಒಂದಿಷ್ಟು ಸುಧಾರಿಸಿಕೊಳ್ಳಲಿ ಎಂದಿರಬೇಕು. ನೀನು ಅಲ್ಲಿ ಆ್ಯಕ್ಟಿಂಗ್ ಮ್ಯಾನೇಜರ್ ಆಗಿರುವುದು ನನಗೆ ಹೆಮ್ಮೆಯೇ, ಆದರೆ ಆ್ಯಕ್ಟಿಂಗ್ ಎಂದರೆ ತಾತ್ಕಾಲಿಕ. ನಾಳೆಯಿಂದ ನೀನು ಮತ್ತೆ ನನ್ನ ಕೈಕೆಳಗೆ ಬರುತ್ತೀಯ. ಹೆದರಬೇಡ.

ಇಲ್ಲಿ ಆಫೀಸು ಸೊಗಸಾಗಿ ನಡೆದಿದೆ. ಹೋಟೆಲುಗಳ ಚಾದರ, ಟವೆಲ್ ಒಗೆದು ತಲುಪಿಸುವ ಕೆಲಸದಲ್ಲೇನಿದೆ ಎಂದು ಜನ ಹಗುರವಾಗಿ ಮಾತಾಡುತ್ತಾರೆ. ಮನುಷ್ಯರನ್ನು ನಡೆಸುವುದು ಎಷ್ಟು ಸೂಕ್ಷ್ಮ ಎಂದು ಅವರಿಗೇನು ಗೊತ್ತು. ಎಲ್ಲರ ಮೇಜುಗಳನ್ನೂ ನನ್ನ ಕಡೆ ಮುಖ ಮಾಡಿ ಹಾಕಿಸಿದ್ದೇನೆ, ಮನಸ್ಸು ಬಿಚ್ಚಿ ಮಾತಾಡಲಿ ಅಂತ. ಅಂದಿನಿಂದ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ತದೇಕಚಿತ್ತದಿಂದ ಕೆಲಸ ಮಾಡುತ್ತಾರೆ. ಬೆಳಗಿನ ಮೀಟಿಂಗನ್ನು ಹತ್ತು ನಿಮಿಷದಿಂದ ಐವತ್ತು ನಿಮಿಷಕ್ಕೆ ಏರಿಸಿದೆ. ಮಾರ್ಚ್‌ನಲ್ಲಿ ಒಂದು ದೊಡ್ಡ ಹೋಟೆಲಿಗೆ ಡಬಲ್ ಬೆಡ್ಡಿನ ಚಾದರದ ಬದಲು ತೊಟ್ಟಿಲಿನ ಚಾದರ ನಾನೂರು ಹೋದವು. ಆರ್ಡರ್ ಹಾಳೆಗೆ ಸಹಿ ಹಾಕಿದವನು ನಾನೇ ಎಂದು ಯಾರೋ ಮಾತೆತ್ತಿದರು, ಅದು ಬೇರೆ ವಿಷಯ. ನಾನು ತಕ್ಷಣ ಕ್ಷಮೆ ಕೇಳುವ ವಿಡಿಯೊ ಒಂದನ್ನು ಸೂಟು ಹಾಕಿಕೊಂಡು ಮಾಡಿ ಕಳಿಸಿದೆ. ಡಿಸ್ಪ್ಯಾಚ್ ನೋಡಿಕೊಳ್ಳುವ ಜೀವನ್ ಅದೇ ಹೊತ್ತಿಗೆ ವ್ಯಾನಿನಲ್ಲಿ ಮೂರು ಸಲ ಓಡಾಡಿದನಂತೆ. ಹೋಟೆಲಿನವರು ಸಮಾಧಾನಗೊಂಡರು. ವಿಡಿಯೊ ಕೆಲಸ ಮಾಡಿತು. ಈ ವರ್ಷ ನಾಲ್ಕು ಜನ ಕೆಲಸ ಬಿಟ್ಟರು, ನಾಲ್ವರಿಗೂ ಬೇರೆ ಕಡೆ ಒಳ್ಳೆಯ ಹುದ್ದೆ ಸಿಕ್ಕಿದೆ. ನಾನು ತಯಾರು ಮಾಡಿದ ಹುಡುಗರು.

ಇನ್ನು ಆ ಅಪ್ರೈಸಲ್. ಕಳೆದ ಜೂನ್‌ನಲ್ಲಿ ನಿನಗೆ ಐದಕ್ಕೆ ಎರಡು ಕೊಟ್ಟೆ. ಹೆಂಡತಿ ಎಂದು ನಾಲ್ಕು ಕೊಟ್ಟಿದ್ದರೆ ಉಳಿದ ಒಂಬತ್ತು ಜನ ಏನೆಂದುಕೊಳ್ಳುತ್ತಿದ್ದರು? ಮ್ಯಾನೇಜರ್ ನಾನು, ಸಿಬ್ಬಂದಿ ನೀನು, ಬರೆಯಬೇಕಾದವನು ನಾನೇ. ನಿಯಮ ನಿಯಮವೇ, ನನಗೆ ಬೇರೆ ದಾರಿ ಇರಲಿಲ್ಲ. ಇದನ್ನು ನಿನಗೆ ಹತ್ತಾರು ಸಲ ಹೇಳಿದ್ದೇನೆ. ನೀನು ಮೆಲ್ಬರ್ನ್ ಶಾಖೆಗೆ ವರ್ಗ ಕೇಳಿ, ಮಗಳನ್ನೂ ಕರೆದುಕೊಂಡು ಹೊರಟೇಬಿಟ್ಟೆ. ಎರಡಕ್ಕೆ ಇಷ್ಟು ಕೋಪ ಜಾಸ್ತಿಯಾಯಿತು ಎಂದು ಮೊನ್ನೆಯವರೆಗೂ ನಾನು ಅಂದುಕೊಂಡಿದ್ದೆ.

ಮೊನ್ನೆ ಗುರುವಾರ ಏನಾಯಿತೆಂದು ಹೇಳುತ್ತೇನೆ. ಎರಡೂ ಶಾಖೆಗಳಲ್ಲಿ ಮ್ಯಾನೇಜರ್ ಬಗ್ಗೆ ಸಿಬ್ಬಂದಿ ಏನನ್ನುತ್ತಾರೆ ಎಂದು ಕಂಪನಿಯವರು ಹೆಸರಿಲ್ಲದೆ ಬರೆಸಿಕೊಂಡಿದ್ದರು. ನನ್ನ ಬಗ್ಗೆ ಬಂದದ್ದನ್ನು ನನಗೆ ಕಳಿಸಿ, ಒಬ್ಬರೇ ಕೂತು ಓದಿ ಎಂದಿದ್ದರು. ಮುಚ್ಚಿಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಪ್ರಿಂಟ್ ತೆಗೆದು, ನಮ್ಮ ಬೀದಿಯಿಂದ ಮೂವತ್ತು ಸಮೋಸಾ ಕಟ್ಟಿಸಿಕೊಂಡು ಹೋಗಿ, ಎಲ್ಲರನ್ನೂ ಟೀ ರೂಮಿಗೆ ಕರೆದು ನಾನೇ ಗಟ್ಟಿಯಾಗಿ ಓದಿದೆ. ಜೀವನ್ ಬೇಡ ಸರ್ ಎಂದ. ಸಂಕೋಚದ ಹುಡುಗ.

ಮೊದಲನೆಯದರಲ್ಲಿ, ಇವರು ರಜೆ ಹಾಕಿದ ದಿನ ಲಾರಿಗಳು ಸರಿಯಾದ ಸಮಯಕ್ಕೆ ಹೊರಡುತ್ತವೆ ಎಂದಿತ್ತು. ನಾನಿಲ್ಲದಿದ್ದರೂ ನಡೆಯುವಂಥ ವ್ಯವಸ್ಥೆ ಕಟ್ಟಿದ್ದೇನೆ ಎಂದು ಅವರಿಗೆ ವಿವರಿಸಿದೆ. ಎರಡನೆಯದರಲ್ಲಿ, ಸಲಹೆ ಕೇಳುತ್ತಾರೆ, ಕೊಡುವ ಮೊದಲೇ ಥ್ಯಾಂಕ್ಯೂ ಹೇಳುತ್ತಾರೆ ಎಂದಿತ್ತು. ಸೌಜನ್ಯವನ್ನು ಗುರುತಿಸಿದ್ದಕ್ಕೆ ಥ್ಯಾಂಕ್ಯೂ ಎಂದೆ. ಮೂರನೆಯದನ್ನು ಅದೇ ಧಾಟಿಯಲ್ಲಿ ಶುರು ಮಾಡಿದೆ. ಅದರಲ್ಲಿ, ತೇಜಸ್ವಿನಿ ಇದ್ದಷ್ಟು ದಿನ ಈ ಆಫೀಸು ನಡೆಯಿತು, ಅವಳ ಅಂಕವನ್ನು ನಮ್ಮೆಲ್ಲರ ಮುಂದೆ ಓದಿದ ದಿನ ನಾನು ಬೇರೆ ಕೆಲಸ ಹುಡುಕಲು ಶುರು ಮಾಡಿದೆ, ಕಟ್ಟಿಕೊಂಡವಳಿಗೇ ಹೀಗೆ ಮಾಡುವ ಮನುಷ್ಯ ನಮಗೇನು ಮಾಡಬಹುದು ಎಂದಿತ್ತು. ಅಷ್ಟನ್ನೂ ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ ಅದು ನನ್ನ ತಲೆಗೆ ಹೋಯಿತು. ಯಾರೂ ಸಮೋಸಾ ಮುಟ್ಟಿರಲಿಲ್ಲ.

ಎಲ್ಲರೂ ಎದ್ದು ಹೋದರು. ಸಂಯುಕ್ತಾ, ನಿನ್ನ ಜಾಗಕ್ಕೆ ಬಂದ ಆ ಮೈಸೂರಿನ ಹುಡುಗಿ, ಕಪ್ಪು ತೊಳೆಯುತ್ತಾ ಉಳಿದಿದ್ದಳು. ಇದನ್ನು ಬರೆದವರು ಯಾರೆಂದು ಅವಳನ್ನು ಕೇಳಿದೆ. ಅವಳು ತಿರುಗಿ ನೋಡದೆಯೇ ಹೇಳಿದಳು.

"ಯಾರು ಬರೆದ್ರು ಅಂತ ಕೇಳ್ಬೇಡಿ ಸರ್. ನಾವೆಲ್ಲಾ ಬರೀಬೇಕು ಅಂತ ಇದ್ದಿದ್ದೇ ಅದು. ಒಬ್ರು ಬರೆದ್ರು, ಅಷ್ಟೇ."

ಹೌದು ತೇಜೂ, ಓದಿದೆ. ಎರಡು ಕೊಟ್ಟಿದ್ದಷ್ಟೇ ಅಲ್ಲ, ಅದನ್ನು ಬೆಳಗಿನ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲರಿಗೂ ಓದಿ ಹೇಳಿದೆ. ಈ ಒಂದು ವರ್ಷದಲ್ಲಿ ಯಾರ ಹತ್ತಿರ ಮಾತಾಡಿದರೂ ಅಂಕದ ವಿಷಯ ಹೇಳುತ್ತಿದ್ದೆ, ಓದಿದ ವಿಷಯ ಬಿಟ್ಟುಬಿಡುತ್ತಿದ್ದೆ. ನೀನು ಮೂರನೇ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದೆ. ಅವತ್ತು ಊಟಕ್ಕೆ ಕೂತಾಗ, ನನ್ನ ನಿಷ್ಪಕ್ಷಪಾತ ನೋಡಿ ಎಲ್ಲರೂ ಹೇಗೆ ಬೆರಗಾದರು ಗಮನಿಸಿದೆಯಾ ಎಂದು ನಿನ್ನನ್ನೇ ಕೇಳಿದೆ. ನೀನು ಸಾರು ಬಡಿಸಿ ಒಳಗೆ ಹೋದೆ. ನಾನು ಅದನ್ನು ಒಪ್ಪಿಗೆ ಎಂದುಕೊಂಡು ಇನ್ನೊಂದು ತುತ್ತು ಅನ್ನ ಹಾಕಿಕೊಂಡೆ.

ಶುಕ್ರವಾರ ಆರು ಗಂಟೆಯ ಮೇಲೂ ಸಂಯುಕ್ತಾ ಕಂಪ್ಯೂಟರ್ ಮುಂದೆ ಕೂತಿದ್ದಳು. ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ನಿಮ್ಮ ವಾರದ ರಿಪೋರ್ಟು ಎಂದಳು. ನಿನ್ನೆ ಮನೆಯಲ್ಲಿ ಕೂತು ನಿನ್ನ ಹಳೆಯ ಫಾರಂ ತೆರೆದು ನೋಡಿದೆ. ಆರು ಗಂಟೆಯಾದರೂ ಕೆಲಸ ಮುಗಿದಿರುವುದಿಲ್ಲ, ಸಮಯಪಾಲನೆ ಸಾಲದು ಎಂದು ನಾನೇ ಬರೆದಿದ್ದೇನೆ. ನೀನು ಶುಕ್ರವಾರ ಆರರ ಮೇಲೆ ಕೂತು ಮಾಡುತ್ತಿದ್ದದ್ದು ಯಾರ ಕೆಲಸ ಎಂದು ನನಗೆ ಗೊತ್ತೇ ಇರಲಿಲ್ಲವೆ? ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಆ ರಿಪೋರ್ಟಿಗೆ ನನ್ನ ಹೆಸರು ಹಾಕುತ್ತಿದ್ದವನು ನಾನೇ ಅಲ್ಲವೆ. ನನಗೆ ತುಂಬ ನಾಚಿಕೆಯಾಯಿತು. ಹೀಗೆ ಬರೆದು ಅಭ್ಯಾಸವಿಲ್ಲ, ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ನಾಚಿಕೆಯಾಯಿತು.

ಆದರೆ ನಾನು ಕೈ ಕಟ್ಟಿ ಕೂರುವವನಲ್ಲ. ಜೂನ್ ಮೂವತ್ತರೊಳಗೆ ಹಿಂದಿನ ವರ್ಷದ ಅಪ್ರೈಸಲ್ ತಿದ್ದಲು ಸಿಸ್ಟಮ್‌ನಲ್ಲಿ ಅವಕಾಶವಿದೆ. ನಿನ್ನೆಯೇ ಎರಡನ್ನು ಐದು ಮಾಡಿ, ನಾನು ಬರೆದ ಮಾತುಗಳನ್ನೆಲ್ಲ ತೆಗೆದುಹಾಕಿ, ಇವರ ಕೆಲಸದ ಜೊತೆ ಮ್ಯಾನೇಜರ್ ಕೆಲಸವನ್ನೂ ಇವರೇ ಮಾಡುತ್ತಿದ್ದರು ಎಂದು ಒಂದೇ ಸಾಲು ಬರೆದು ಕಳಿಸಿದೆ. ಸೋಮವಾರ ಹೊಸ ಹೆಡ್ ಒಪ್ಪಿಗೆ ಕೊಡಬೇಕು ಎಂದು ಸಿಸ್ಟಮ್‌ನಿಂದಲೇ ಉತ್ತರ ಬಂತು. ಎಷ್ಟು ಸುಲಭವಾಯಿತು ನೋಡು. ಹನ್ನೊಂದಕ್ಕೆ ನಾನು ಹೆಡ್ ಆಗುತ್ತೇನೆ, ಹನ್ನೊಂದೂ ಐದಕ್ಕೆ ನಾನೇ ಒಪ್ಪಿಗೆ ಕೊಡುತ್ತೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ.

ಆಮೇಲೆ ನೀನು ಅರ್ಜಿಯ ವಿಷಯ ನಿಧಾನವಾಗಿ ಯೋಚಿಸು. ನೀವಿಬ್ಬರೂ ಇಲ್ಲಿಗೆ ಬಂದರೆ ಸರಿ, ಇಲ್ಲವೇ ಹೆಡ್ ಎಂಬ ನೆಪದಲ್ಲಿ ನಾನೇ ಮೆಲ್ಬರ್ನ್‌ನಲ್ಲಿ ಇರುತ್ತೇನೆ. ನೀವಿಲ್ಲದ ಮನೆಯಲ್ಲಿ ನನಗೆ ಮಾತಾಡಲು ಯಾರೂ ಇಲ್ಲ.

ನಿನ್ನ,
ಗುರುಬಸವ
(ನಾಳೆ ಹನ್ನೊಂದರವರೆಗೆ ಬರೀ ಸಿಡ್ನಿ ಮ್ಯಾನೇಜರ್)

ತಾ.ಕ. ಸೋಮವಾರ ಮಧ್ಯಾಹ್ನ. ಪೋಸ್ಟ್ ಮಾಡಲು ಹೊರಟವನು ಮತ್ತೆ ಕೂತು ಬರೆಯುತ್ತಿದ್ದೇನೆ. ಹನ್ನೊಂದರವರೆಗೆ ಕಾಯಬೇಕಾಗಲಿಲ್ಲ. ಒಂಬತ್ತಕ್ಕೆ ಸಿಸ್ಟಮ್ ತೆರೆದೆ. ನನ್ನ ತಿದ್ದುಪಡಿಯ ಪಕ್ಕದಲ್ಲಿ, ಸಿಡ್ನಿ ಮತ್ತು ಮೆಲ್ಬರ್ನ್ ಹೆಡ್ ಇವರ ಒಪ್ಪಿಗೆಗೆ ಎಂದಿತ್ತು, ಮುಂದೆ ನಿನ್ನ ಹೆಸರು ಇತ್ತು. ಎರಡು ಸಲ ಮುಚ್ಚಿ ತೆರೆದು ನೋಡಿದೆ. ನಿನ್ನ ಅಂಕಕ್ಕೆ ನೀನೇ ಒಪ್ಪಿಗೆ ಕೊಡುವ ಹಾಗಾಗಿದೆ, ಅದನ್ನು ಎಚ್ಆರ್‌ನವರಿಗೆ ಹೇಳಿ ಸರಿಮಾಡಿಸು. ಎದ್ದು ಹೋಗಿ ಎಲ್ಲರಿಗೂ ಸುದ್ದಿ ಹೇಳಿದೆ. ಹನ್ನೊಂದರ ಮೊದಲು ಹೇಳಬಾರದಿತ್ತೇನೋ. ಈ ಆಫೀಸಿನಲ್ಲಿ ಅಷ್ಟು ಜೋರು ಚಪ್ಪಾಳೆ ನಾನು ಕೇಳಿರಲಿಲ್ಲ. ನಾನೂ ತಟ್ಟಿದೆ, ಮನಸಾರೆ ತಟ್ಟಿದೆ.

ಇನ್ನೊಂದು. ನನಗೆ ಬೇರೆ ದಾರಿ ಇರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ದಾರಿ ಇತ್ತು. ಹೆಂಡತಿಯ ಅಪ್ರೈಸಲ್ ಗಂಡ ಬರೆಯುವುದು ಬೇಡ, ಮೆಲ್ಬರ್ನ್‌ನವರು ಬರೆಯಲಿ ಎಂದು ಎಚ್ಆರ್‌ನವರು ಆಗಲೇ ಹೇಳಿದ್ದರು. ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ನಾನೆಂಥ ನ್ಯಾಯವಂತ ಎಂದು ಒಂಬತ್ತು ಜನಕ್ಕೆ ತೋರಿಸಬೇಕಿತ್ತು, ಅದಕ್ಕೆ ನೀನು ಸಿಕ್ಕಿದೆ. ಇದನ್ನು ನಿನಗೆ ಇದುವರೆಗೂ ಹೇಳಿರಲಿಲ್ಲ.

ಈ ತಿಂಗಳ ಕೊನೆಗೆ ನನ್ನ ಅಪ್ರೈಸಲ್. ಗಂಡನದನ್ನು ಬೇರೆಯವರು ಬರೆಯಲಿ ಎಂದು ಎಚ್ಆರ್‌ನವರು ನಿನಗೂ ಹೇಳುತ್ತಾರೆ. ಬೇರೆಯವರಿಗೆ ಕೊಡಬೇಡ, ನೀನೇ ಬರಿ. ಅದನ್ನು ಬರೆದು ಮುಗಿಸಿದ ಮೇಲೆ ಅರ್ಜಿ ಹಾಕುವುದೋ ಬಿಡುವುದೋ ನೋಡು. ಎಷ್ಟು ಪುಟವಾದರೂ ನಾನು ಪೂರ್ತಿ ಓದುತ್ತೇನೆ.