ಮುಚ್ಚಳಗಾಲದಲ್ಲಿ ಒಂದು ಒಗ್ಗರಣೆ

ಏಳನೇ ಡಬ್ಬಿ, ರಾಯಚೂರು
ಏಪ್ರಿಲ್ ಮೂವತ್ತನಾಲ್ಕು, ಇಸವಿ ೨೨೪೧

ಮನೆಯಲ್ಲೇ ಒಲೆ ಹಚ್ಚುವ ಭಾಗ್ಯವಂತರಾದ ನನ್ನ ಹಿರಿಯರಿಗೆ,

ಸಾಷ್ಟಾಂಗ ನಮಸ್ಕಾರಗಳು. ಎಂಟೂ ಅಂಗಗಳನ್ನು ಚಾಚುವಷ್ಟು ಜಾಗ ಈ ಕೋಣೆಯಲ್ಲಿಲ್ಲ. ಆದ್ದರಿಂದ ಸದ್ಯಕ್ಕೆ ನಾಲ್ಕು ಅಂಗಗಳದ್ದನ್ನು ಸ್ವೀಕರಿಸಿ, ಉಳಿದ ನಾಲ್ಕನ್ನು ಮಳೆ ಬಂದ ಮೇಲೆ ಸಲ್ಲಿಸುತ್ತೇನೆ.

ಮೊದಲು ತಪ್ಪೊಪ್ಪಿಗೆ. ಚನ್ನವೀರ ಎಂಬ ನಾನು, ಬುದ್ಧಿ ಸ್ತಿಮಿತದಲ್ಲಿರುವಾಗ, ಯಾರ ಬಲವಂತವೂ ಇಲ್ಲದೆ, ಹಾಡಹಗಲೇ ಒಂದು ಬಟ್ಟಲು ಸಾರಿಗೆ ಒಗ್ಗರಣೆ ಮಾಡಿದ್ದೇನೆ. ಇದನ್ನು ಓದಿ ನೀವು "ಆಮೇಲೆ?" ಎಂದು ಕಾಯುತ್ತಿರಬಹುದು. ಆಮೇಲೆ ಏನಿಲ್ಲ, ಅಪರಾಧ ಅಷ್ಟೇ. ನಿಮ್ಮ ಕಾಲದಲ್ಲಿ ಬೆಳಗಾದರೆ ಮನೆಮನೆಯಲ್ಲೂ ನಡೆಯುತ್ತಿದ್ದ ಈ ಕೃತ್ಯಕ್ಕೆ ನನಗೆ ಮಳೆ ಬರುವವರೆಗೆ ಗಾಳಿ ಸೋಸುವ ಬಟ್ಟೆಗಳನ್ನು ಒಗೆಯುವ ಶಿಕ್ಷೆಯಾಗಿದೆ. ಒದ್ದೆ ಕೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕದಡಿದ್ದರೆ ಕ್ಷಮಿಸಿ. ಆದರೂ ಒಂದು ಮಾತನ್ನು ಜಂಬದಿಂದಲೇ ಹೇಳುತ್ತೇನೆ: ಈ ಶತಮಾನದಲ್ಲಿ ಒಗ್ಗರಣೆಯನ್ನು ತನ್ನ ಕೈಯಾರೆ ಮಾಡಿ, ಅದರ ರುಚಿಯನ್ನೂ ಬಲ್ಲವನು ನಾನೊಬ್ಬನೇ.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲಿಗೆ ಯಾವ ವಸ್ತುವಾದರೂ ಹಿಗ್ಗುತ್ತದೆ, ಏಪ್ರಿಲ್ ಕೂಡ ಹಿಗ್ಗಿದೆ. ಡಿಸೆಂಬರಿನಲ್ಲಿ ಉಳಿದ ದಿನಗಳನ್ನು ತಂದು ಇಲ್ಲಿ ಸೇರಿಸಿದ್ದಾರೆ. ನಮ್ಮ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಡಬ್ಬಿ ಎಂದರೆ ನಾವು ವಾಸಿಸುವ ಕಟ್ಟಡ. ಹೊರಗಿನ ಬಿಸಿಲು ಮನುಷ್ಯನಿಗೆ ಆಗದಂತಾದ ಮೇಲೆ, ಶಿವರಾತ್ರಿಗೆ ಇದರ ಹೊರಬಾಗಿಲೂ ಒಳಗಿನ ಕೋಣೆಗಳ ಬಾಗಿಲೂ ಹಾಕಿದರೆ ತೆರೆಯುವುದು ಮೊದಲ ಮಳೆಗೇ. ಈ ನಡುವಿನ ಕಾಲವೇ ಮುಚ್ಚಳಗಾಲ. ನಿಮಗೆ ಮೂರು ಕಾಲಗಳಿದ್ದವಂತೆ. ನಮಗೆ ಎರಡೇ, ಇದೊಂದು ಮತ್ತು ಇದು ಮುಗಿಯಲಿ ಎಂದು ಕಾಯುವ ಕಾಲ.

ಮುಚ್ಚಳ ಬಿದ್ದ ಮೇಲೆ ಇಡೀ ಡಬ್ಬಿಗೆ ಒಂದೇ ಗಾಳಿ. ಅದನ್ನೇ ಸೋಸಿ, ತಂಪು ಮಾಡಿ, ಮತ್ತೆ ಮತ್ತೆ ಎಲ್ಲರಿಗೂ ಹಂಚುತ್ತಾರೆ. ಕೆಳಗಿನ ಮನೆಯವರ ನಿಟ್ಟುಸಿರು ಮೇಲಿನ ಮನೆಯವರಿಗೆ ಉಸಿರು. ಆದ್ದರಿಂದ ಹೊಗೆ, ಘಾಟು, ಊದುಬತ್ತಿ, ಹುರಿಯುವುದು, ಕರಿಯುವುದು ಎಲ್ಲ ನಿಷಿದ್ಧ. ಅಡುಗೆಮನೆ ಎಂಬ ಕೋಣೆಯೇ ಇಲ್ಲ, ಅಡುಗೆಗೋಡೆ ಇದೆ. ಗೋಡೆಯಲ್ಲೊಂದು ನಳ. ಅದರಿಂದ ಬರುವುದು ನಳಗಂಜಿ. ಹಸಿರಾಗಿ ಬಂದರೆ ಪಲ್ಯ, ಕೆಂಪಾಗಿ ಬಂದರೆ ಸಾರು, ಬಿಳಿಯಾಗಿ ಬಂದರೆ ಅವತ್ತು ಹಬ್ಬ. ರುಚಿ ಮಾತ್ರ ಮೂರಕ್ಕೂ ಒಂದೇ, ತೊಳೆದ ತಟ್ಟೆಯನ್ನು ಇನ್ನೊಮ್ಮೆ ನೆಕ್ಕಿದಂತೆ. ನಳದ ಕೆಳಗೆ ಒಬ್ಬರಿಗೆ ಸಾಲುವಷ್ಟು ಚಾಚುಹಲಗೆ. ಅದರ ಮುಂದೆ ಗೋಡೆಗೆ ಮುಖ ಹಾಕಿ ನಿಂತು, ಒಬ್ಬರಾದ ಮೇಲೆ ಒಬ್ಬರು ಊಟ ಮುಗಿಸುವುದು ನಮ್ಮ ಪದ್ಧತಿ. ನಾವು ಹುಟ್ಟಿದಾಗಿನಿಂದ ಹೀಗೆಯೇ ಉಂಡವರಾದ್ದರಿಂದ, ನಮಗೆ ಇದರಲ್ಲಿ ಏನೂ ವಿಶೇಷ ಕಂಡಿರಲಿಲ್ಲ.

ನಮ್ಮ ಕೋಣೆಯಲ್ಲಿ ನಾಲ್ವರಿದ್ದೇವೆ. ನಾನು, ಹೆಂಡತಿ ದಾನೇಶ್ವರಿ, ಅವಳ ತಾಯಿ ನೀಲಾಂಬಿಕೆಯವರು, ಮತ್ತು ಎಂಟು ತಿಂಗಳ ಮಗಳು. ಬಾಣಂತನಕ್ಕೆಂದು ಬಂದ ಅತ್ತೆಯವರು ನಾಳೆ ಹೊರಡುತ್ತೇನೆ ಎನ್ನುತ್ತಿರುವಾಗಲೇ ಮುಚ್ಚಳ ಬಿತ್ತು. ಅವರು ಸಿಕ್ಕಿಕೊಂಡಿದ್ದು ನಮ್ಮಲ್ಲೋ, ನಾವು ಸಿಕ್ಕಿಕೊಂಡಿದ್ದು ಅವರಲ್ಲೋ ಎಂಬುದು ಚರ್ಚೆಯಲ್ಲಿದೆ. ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರೂ ಬದಲಿಸಬೇಕು. ಜಗಳವಾದರೆ ಮುನಿಸಿಕೊಂಡು ಹೋಗಲು ಇರುವುದೊಂದೇ ಜಾಗ, ಬಚ್ಚಲು. ಅದಕ್ಕೂ ಸರದಿ. ಕಳೆದ ವರ್ಷ ತಡವಾಗಿ ಆಗಸ್ಟಿನಲ್ಲಿ ಮಳೆ ಬಂದು ಬಾಗಿಲು ತೆರೆದ ದಿನವೇ ಹುಟ್ಟಿದಳೆಂದು ಮಗುವಿಗೆ ಮುಕ್ತಾ ಎಂದು ಹೆಸರಿಟ್ಟೆವು. ಪಾಪ, ಈ ಮುಕ್ತಾ ತೆವಳಲು ಕಲಿತಾಗ ಎದುರಾದದ್ದು ಗೋಡೆ, ತಿರುಗಿ ತೆವಳಿದರೆ ಇನ್ನೊಂದು ಗೋಡೆ. ಎರಡಕ್ಕೂ ಹಣೆ ಚಚ್ಚಿಕೊಂಡು, ಈಗ ನಡುವೆ ಕುಳಿತು ಎರಡನ್ನೂ ಬಯ್ಯುತ್ತಾಳೆ.

ನಮ್ಮ ಕಷ್ಟ ಶುರುವಾದದ್ದು ಅವಳ ಊಟದಿಂದ. ತಾಯಿಯ ಹಾಲು ಸಾಲದಾಯಿತು, ಗಂಜಿಯನ್ನು ಬಾಯಿಗೇ ಸೇರಿಸಳು. ಚಮಚ ಕಂಡರೆ ತುಟಿ ಹೊಲಿದುಕೊಳ್ಳುತ್ತಾಳೆ. ಬಲವಂತ ಮಾಡಿದರೆ ಗಂಜಿ ಹೋದ ದಾರಿಯಲ್ಲೇ, ಹೋದದ್ದಕ್ಕಿಂತ ಹೆಚ್ಚು ವೇಗವಾಗಿ ಹಿಂದಕ್ಕೆ ಬರುತ್ತದೆ. ನಾನು ಕಾಗೆಯಾದೆ, ಕೋತಿಯಾದೆ, ಆನೆಯಾದೆ. ಈ ಮೂರನ್ನೂ ನಾನೇ ಕಂಡಿಲ್ಲವಾದ್ದರಿಂದ ಮಗುವಿಗೂ ನಂಬಿಕೆ ಬರಲಿಲ್ಲ. "ಬಾಯಿ ಅಲ್ಲ ಬಿಡವ್ವ, ಇದು ಮುದಗಲ್ಲ ಕ್ವಾಟಿ ಬಾಗಿಲು" ಎಂದು ಅತ್ತೆಯವರು ಚಮಚ ಕೆಳಗಿಟ್ಟರು.

ನಗುವ ವಿಷಯವಾಗಿದ್ದರೆ ಇಲ್ಲಿಗೇ ಬಿಡುತ್ತಿದ್ದೆ. ಆದರೆ ಡಬ್ಬಿಯಲ್ಲಿ ಒಂದು ನಿಯಮವಿದೆ. ತೂಕದ ದಿನ ಮಗುವಿನ ತೂಕ ಎರಡು ಸಲ ಇಳಿದಿದ್ದರೆ, ಅದನ್ನು ಮೇಲಿನ ಕೂಸಿನ ಮಾಳಿಗೆಗೆ ಒಯ್ಯುತ್ತಾರೆ. ಅಲ್ಲಿ ಮೂಗಿನ ನಳಿಗೆಯಲ್ಲಿ ಆಹಾರ ಕೊಡುತ್ತಾರೆ, ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಅಲ್ಲಿಯ ಗಾಳಿ ಬೇರೆ, ನಮ್ಮ ಗಾಳಿ ಬೇರೆ. ಮೇಲೆ ಹೋದ ಮಗು ಮಳೆ ಬರುವವರೆಗೆ ಇಳಿಯುವಂತಿಲ್ಲ, ತಾಯಿ ಹತ್ತುವಂತಿಲ್ಲ. ಗಾಜಿನಾಚೆಯಿಂದ ನೋಡಬಹುದು. ಮುಕ್ತಾಳ ತೂಕ ಆಗಲೇ ಒಂದು ಸಲ ಇಳಿದಿತ್ತು. ಒಂದು ಸಲಕ್ಕೆ ಎಚ್ಚರಿಕೆ, ಎರಡನೆಯದಕ್ಕೆ ಮಾಳಿಗೆ. ಎರಡನೇ ತೂಕದ ದಿನ ಹತ್ತಿರವಾದಂತೆ ದಾನೇಶ್ವರಿ ಮಾತು ಬಿಟ್ಟಳು, ಆಮೇಲೆ ಗಂಜಿ ಬಿಟ್ಟಳು. ಮಗು ನಿದ್ದೆ ಮಾಡುವಾಗಲೂ ತೊಡೆಯಿಂದ ಕೆಳಗಿಳಿಸುತ್ತಿರಲಿಲ್ಲ. ಆ ಕೋಣೆಯಲ್ಲಿ ಅವಳನ್ನು ನೋಡದೆ ಇರಲು ನನಗೆ ಬೇರೆ ದಿಕ್ಕೇ ಇರಲಿಲ್ಲ.

ಆಗ ನನ್ನ ಪಾಂಡಿತ್ಯ ಎಚ್ಚರವಾಯಿತು. ನಾನು ಕಾಲೇಜಿನಲ್ಲಿ ಹಳೆಮಾತಿನ ಮೇಷ್ಟ್ರು. ಬಳಕೆ ತಪ್ಪಿದ ಶಬ್ದಗಳನ್ನು ಹುಡುಗರಿಗೆ ಕಲಿಸಿ, ಅವರಿಂದ ಆಕಳಿಕೆ ಪಡೆಯುವುದು ನನ್ನ ಉದ್ಯೋಗ. ನನ್ನ ಮಹಾಪ್ರಬಂಧದ ವಿಷಯವೇ ಒಗ್ಗರಣೆ. ಕಾದ ಎಣ್ಣೆ, ಸಿಡಿಯುವ ಸಾಸಿವೆ, ಬಾಡುವ ಮೆಣಸಿನಕಾಯಿ ಎಂದು ಪುಟಗಟ್ಟಲೆ ಬರೆದು, ಒಂದು ಸಲವೂ ಮೂಸಿ ನೋಡದೆ ಡಾಕ್ಟರ್ ಆದವನು ನಾನು. ನನ್ನ ವಾದವಿಷ್ಟೇ: ನೀರಸವಾದ ಗಂಜಿಯನ್ನು ಉಗಿಯುವ ಮಗುವಿಗೆ ಬುದ್ಧಿಯಿದೆ, ನುಂಗುವ ನಮಗೇ ಇಲ್ಲ. ರುಚಿ ಕೊಟ್ಟರೆ ಬಾಯಿ ತಾನೇ ತೆರೆಯುತ್ತದೆ.

ಸಾಮಗ್ರಿ ಎಲ್ಲಿಂದ ತರುವುದು? ಮಗುವಿನ ಮೈಗೆ ಹಚ್ಚುವ ಎಣ್ಣೆ ಇತ್ತು. ಬೆಂಕಿಯ ಬದಲು ಇಸ್ತ್ರಿಪೆಟ್ಟಿಗೆಯನ್ನು ಮಗುಚಿ, ಅದರ ಕಾದ ತಳದ ಮೇಲೆ ಸ್ಟೀಲಿನ ಲೋಟ ಇಟ್ಟೆ. ಸಾಸಿವೆ, ಒಣಮೆಣಸಿನಕಾಯಿ ಅತ್ತೆಯವರ ಗಂಟಿನಲ್ಲಿದ್ದವು. ನಮ್ಮ ಕಾಲದಲ್ಲಿ ಅವು ದೃಷ್ಟಿ ತೆಗೆಯುವ ಪದಾರ್ಥಗಳು, ತಿನ್ನುವವಲ್ಲ. ಮಗುವಿಗೆ ಮೂರು ಸುತ್ತು ನಿವಾಳಿಸಿ, ಕಸದ ಕೊಳವೆಗೆ ಹಾಕುತ್ತೇವೆ. ಅವತ್ತೂ ಅತ್ತೆಯವರು ನಿವಾಳಿಸಿ ಕೊಳವೆಯ ಕಡೆ ತಿರುಗಿದ್ದರು. ನಾನು ಅಡ್ಡ ನಿಂತು ಕೈಯೊಡ್ಡಿದೆ.

"ಅಳಿಯಂದ್ರ, ದೃಷ್ಟಿ ತಗದದ್ದು ಯಾರರ ತಿಂತಾರೇನ್ರೀ? ಕೂಸಿನ ಮ್ಯಾಗ ಬಿದ್ದ ಕಣ್ಣು ಕೂಸಿನ ಹೊಟ್ಟಿಗೇ ಹಾಕ್ತೀರಿ?"

"ಹಿಂದಿನವರು ದಿನಾ ತಿಂತಿದ್ರು ಅತ್ತೀ."

"ಅದಕ್ಕ ಅಲ್ಲೇನು ಅವರೆಲ್ಲ ಸತ್ತದ್ದು!"

ನಾನು ಒಡ್ಡಿದ ಕೈಯನ್ನು ಹಿಂದೆಗೆಯಲಿಲ್ಲ. ದಾನೇಶ್ವರಿ ಎಷ್ಟೋ ದಿನಗಳ ಮೇಲೆ ಬಾಯಿ ತೆರೆದಳು. "ಕೊಡವ್ವ. ಹೆಂಗೂ ಕಳಕೊಳ್ಳಾದದ, ಮಾಡಿ ನೋಡ್ಲಿ." ಆ ಮಾತಿನಲ್ಲಿ ನನ್ನ ಮೇಲಿನ ಭರವಸೆ ಒಂದು ಕಾಳಿನಷ್ಟೂ ಇರಲಿಲ್ಲ. ಆದರೂ ಸಾಸಿವೆ ನನ್ನ ಕೈಗೆ ಬಂತು.

ಎಣ್ಣೆ ಕಾಯಿತು. ಸಾಸಿವೆ ಹಾಕಿದೆ. ಮೆಣಸಿನಕಾಯಿ ಎಷ್ಟು ಹಾಕಬೇಕೆಂದು ಪ್ರಬಂಧದಲ್ಲಿ ಬರೆದಿರಲಿಲ್ಲವಾದ್ದರಿಂದ ಹಿಡಿ ತುಂಬ ಇದ್ದದ್ದನ್ನೆಲ್ಲ ಹಾಕಿದೆ. ಸಾಸಿವೆ ಸಿಡಿಯಿತು. ಆ ಕ್ಷಣದಲ್ಲಿ ನಾನು ಕೈಗೊಂಡ ತುರ್ತು ಕ್ರಮಗಳನ್ನು ಕೊನೆಯಲ್ಲಿ ವಿವರಿಸುತ್ತೇನೆ. ಘಾಟು ಎದ್ದಿತು. ಗೋಡೆಯ ಗಾಳಿಗಂಡಿ ಅದನ್ನು ಸರ್ರನೆ ಎಳೆದುಕೊಂಡು, ಯಾರಿಗೂ ಅನ್ಯಾಯವಾಗದಂತೆ ಇಡೀ ಡಬ್ಬಿಗೆ ಸಮನಾಗಿ ಹಂಚಿತು. ಮೇಲೆ ಕೆಮ್ಮು, ಕೆಳಗೆ ಕೆಮ್ಮು, ಎಡಬಲದಲ್ಲಿ ಸೀನು. ಅತ್ತೆಯವರು ಕಣ್ಣೀರು ಸುರಿಸುತ್ತಲೇ ಹಿಗ್ಗಿದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ಅವರ ಅಜ್ಜಿ ಹೇಳಿದ್ದರಂತೆ. "ಡಬ್ಬಿಗ್ ಡಬ್ಬೀನೇ ಕೆಮ್ಮಾಕತ್ತದ! ನನ್ನ ಕೂಸಿಗೆ ಯಾರ ಕಣ್ಣೂ ಬಿದ್ದಿಲ್ಲ ಬಿಡು!" ಎಂದು, ಕೈಯಲ್ಲಿ ಬಟ್ಟೆ ಹಿಡಿದು ಒಗ್ಗರಣೆಯನ್ನು ಕೆಂಪು ಗಂಜಿಗೆ ಸುರಿದರು. ಚುಂಯ್ ಎಂದಿತು.

ಗಾಳಿ ಕೆಟ್ಟರೆ ಒಳಬಾಗಿಲುಗಳನ್ನೆಲ್ಲ ತೆರೆದು, ಜನರೆಲ್ಲ ಡಬ್ಬಿಯ ನಡುವಿನ ಪಡಸಾಲೆಯಲ್ಲಿ ಕೂರಬೇಕೆಂಬುದು ಇನ್ನೊಂದು ನಿಯಮ. ಹಿಂದೆ ಯಾರೂ ಕೆಡಿಸದಿದ್ದುದರಿಂದ ಅದನ್ನು ಯಾರೂ ಪಾಲಿಸಿರಲಿಲ್ಲ. ಶಿವರಾತ್ರಿಯಿಂದ ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಊಟದ ಹೊತ್ತಾದ್ದರಿಂದ ಜನ ಬಟ್ಟಲು ಹಿಡಿದೇ ಬಂದರು, ನಿಲ್ಲಲು ಗೋಡೆ ಸಿಗದೆ ನೆಲಕ್ಕೆ ಕುಳಿತರು. ಪಕ್ಕದ ಮನೆಯ ಸಿದ್ದವ್ವ ಎದುರು ಮನೆಯವಳನ್ನು ನೋಡಿ, "ಏನs, ದಪ್ಪಗಾಗೀದಿ?" ಎಂದಳು. "ನೀ ಏನ್ ಸಣ್ಣಾಗೀಯೇನ?" ಎಂದಳು ಅವಳು. ಗಾಳಿಯ ಅಧಿಕಾರಿಗೆ ನಮ್ಮಲ್ಲಿ ಗಾಳಿದಾರ ಎನ್ನುತ್ತಾರೆ. ನಮ್ಮ ಗಾಳಿದಾರ ಶರಣಬಸಪ್ಪನವರು, "ಯಾರ್ರೀ ಅವ್ರು ಗಾಳಿ... ಆಕ್ಷೀ!... ಕೆಡಿಸಿದವ್ರು?" ಎನ್ನುತ್ತ ಬಂದು, ಸಾಕ್ಷ್ಯವೆಂದು ನನ್ನ ಸಾರಿನ ಬಟ್ಟಲನ್ನು ವಶಪಡಿಸಿಕೊಂಡರು. ಪರೀಕ್ಷೆಗೆಂದು ಒಂದು ಬೆರಳು ಅದ್ದಿ ಬಾಯಿಗಿಟ್ಟುಕೊಂಡರು. ಇನ್ನೊಮ್ಮೆ ಪರೀಕ್ಷಿಸಿದರು. ಕಣ್ಣು, ಮೂಗು ಸುರಿಯುತ್ತಿದ್ದರೂ ಸಾಕ್ಷ್ಯ ಮುಗಿಯುವವರೆಗೆ ಬಿಡಲಿಲ್ಲ.

ಮುಕ್ತಾ ಇದನ್ನೆಲ್ಲ ಅಜ್ಜಿಯ ತೊಡೆಯ ಮೇಲಿಂದ ನೋಡುತ್ತಿದ್ದಳು. ಗಾಳಿದಾರರ ದವಡೆ ಆಡಿದಂತೆ ಅವಳ ದವಡೆಯೂ ಆಡತೊಡಗಿತು. ಸಿದ್ದವ್ವನ ಮಗ ಬಾಯಿ ತೆರೆದರೆ ಅವಳೂ ತೆರೆದಳು. ಹುಟ್ಟಿದಾಗಿನಿಂದ ಅವಳು ಕಂಡದ್ದು ಊಟ ಮಾಡುವವರ ಬೆನ್ನನ್ನು ಮಾತ್ರ, ಬಾಯಿಯನ್ನಲ್ಲ. ಚಮಚವನ್ನು ಏನು ಮಾಡಬೇಕೆಂದು ಅವಳಿಗೆ ಯಾರೂ ತೋರಿಸಿರಲೇ ಇಲ್ಲ. ದಾನೇಶ್ವರಿ ಮಗುವಿನ ಕಡೆ ಬಾಗಿದಳು. ಸಿದ್ದವ್ವನ ಬಟ್ಟಲಿನಿಂದ ಒಂದು ಚಮಚ ಗಂಜಿ ತೆಗೆದು ಹಿಡಿದಳು. ಅದೇ ರುಚಿಯಿಲ್ಲದ, ಬಣ್ಣದ ನಳಗಂಜಿ. ಮಗು ನುಂಗಿತು. ಮತ್ತೆ ಬಾಯಿ ತೆರೆಯಿತು.

ತೂಕದ ದಿನ ಕಳೆದಿದೆ. ಮುಳ್ಳು ಮೇಲೆ ಏರಿತು, ಮಗು ನಮ್ಮಲ್ಲೇ ಉಳಿಯಿತು. ಈಗ ನಾವು ಚಾಚುಹಲಗೆಯನ್ನು ಮಡಿಚಿಟ್ಟು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ನೆಲದ ಮೇಲೆ ಸುತ್ತ ಕುಳಿತು ಉಣ್ಣುತ್ತೇವೆ. ಜಾಗ ಮೊದಲಿಗಿಂತ ಕಡಿಮೆಯಾಗಿದೆ. ಮಳೆಯ ಸುದ್ದಿ ಇಲ್ಲ. ಡಬ್ಬಿಯಲ್ಲೆಲ್ಲ ಮಾತ್ರ ಒಗ್ಗರಣೆ ಮೇಷ್ಟ್ರ ಸಾರು ಕುಡಿದು ಕೂಸು ಚೇತರಿಸಿಕೊಂಡಿತು ಎಂದೇ ಸುದ್ದಿ. ನಾನೂ ತಿದ್ದಿಲ್ಲ.

ಇನ್ನು ಬಾಕಿ ಉಳಿದ ತುರ್ತು ಕ್ರಮಗಳು. ಸಾಸಿವೆ ಸಿಡಿಯುತ್ತದೆ ಎಂದು ನಾನು ಎಷ್ಟೋ ಸಲ ಬರೆದಿದ್ದೆ. ಆದರೆ ಅದು ಹೀಗೆ ನಿಜವಾಗಿಯೂ ಸಿಡಿಯುತ್ತದೆಂದು ಯಾರೂ ಹೇಳಿರಲಿಲ್ಲ. ಮೊದಲ ಕಾಳು ಚಟ್ ಎಂದದ್ದೇ ಹೆಂಡತಿ, ಮಗಳು, ಅತ್ತೆಯನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಇಡೀ ಡಬ್ಬಿಯ ಬಾಗಿಲುಗಳು ತೆರೆದ ಆ ಒಂದು ಹೊತ್ತಿನಲ್ಲಿ ಮುಚ್ಚಿದ್ದುದು ನನ್ನದೊಂದೇ. ಮೇಲೆ ಬರೆದ ಪಡಸಾಲೆಯ ವೈಭವವೆಲ್ಲ ದಾನೇಶ್ವರಿ ಹೇಳಿದ್ದು. ನನ್ನ ಮಗಳು ಮೊದಲ ತುತ್ತು ನುಂಗುವಾಗ ನಾನು ಬಕೆಟ್ಟಿನ ಹಿಂದೆ ಕಿವಿ ಮುಚ್ಚಿಕೊಂಡು ಕುಳಿತಿದ್ದೆ. "ಹೊರಗ ಬರ್ರಿ ಡಾಕ್ಟ್ರ, ಸಾಸ್ವಿ ಸತ್ತದ" ಎಂದು ಅತ್ತೆಯವರು ಕರೆದ ಮೇಲೆ ಬಂದು ನೋಡಿದರೆ, ಬಟ್ಟಲನ್ನು ಗಾಳಿದಾರರು ನೆಕ್ಕಿ ಇಟ್ಟಿದ್ದರು.

ಆದ್ದರಿಂದ ಹಿರಿಯರೆ, ನಿಮ್ಮಲ್ಲಿ ಒಂದೇ ಬೇಡಿಕೆ. ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದಾಗ, ಅದರ ರುಚಿ ಹೇಗಿರುತ್ತದೆ ಎಂದು ನನಗೊಂದು ಸಾಲು ಬರೆದು ತಿಳಿಸಿ. ಗಾಳಿದಾರರನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡು ನಗುತ್ತಾರೆ, ಹೇಳುವುದಿಲ್ಲ.

ಇತಿ,
ಡಾ. ಚನ್ನವೀರ