ನೀರಿಲ್ಲದ ಜಲಪಾತ ಮತ್ತು ನಮ್ಮತ್ತೆಯ ಬಾಗಿನ

ಪ್ರವಾಸಿ ತಾಣಗಳನ್ನು ಉದ್ಧಾರ ಮಾಡುವ ಮಾನ್ಯ ಅಧಿಕಾರಿಗಳೇ,

ತಮ್ಮ ಜಲಪಾತದಲ್ಲಿ ನೀರಿಲ್ಲ. ಆದ್ದರಿಂದ ನಮ್ಮತ್ತೆ ಅನ್ನಪೂರ್ಣಮ್ಮನವರು ಗುರುವಾರ ಮಂಡಿ ಆಪರೇಷನ್ನಿಗೆ ಹೋಗುವುದಿಲ್ಲವೆಂದು ಹಟ ಹಿಡಿದು ಕೂತಿದ್ದಾರೆ. ಇದಕ್ಕೂ ಅದಕ್ಕೂ ಏನು ಸಂಬಂಧ ಎನ್ನಬೇಡಿ, ಹೇಳುತ್ತೇನೆ.

ಭಾನುವಳ್ಳಿ ರಸ್ತೆಯಲ್ಲಿ ತಾವು ನಿಲ್ಲಿಸಿರುವ ಫಲಕವನ್ನು ನನ್ನ ಹೆಂಡತಿ ವಾಣಿ ಫೋನಿನಲ್ಲಿ ಹಿಡಿದು ತಂದಿದ್ದೇ ಎಲ್ಲಕ್ಕೂ ಮೂಲ. ‘ಸುಲಭ ನಡಿಗೆ, ಕುಟುಂಬ ಸಮೇತ ಬನ್ನಿ, ಎಲ್ಲ ಕಾಲಕ್ಕೂ ಧುಮುಕುವ ಜಲಪಾತ.’ ಜತೆಗೆ ನೊರೆಯುಕ್ಕುವ ಚಿತ್ರ. ಎಪ್ಪತ್ತೆರಡು ವರ್ಷದಲ್ಲಿ ಅತ್ತೆ ಒಂದೂ ಜಲಪಾತ ಕಂಡವರಲ್ಲ. ಮಂಡಿನೋವು ಎಲ್ಲಿಗೂ ಬಿಟ್ಟಿಲ್ಲ. ಸುಲಭ ಎಂದು ಸರ್ಕಾರವೇ ಹೇಳಿದ ಮೇಲೆ ಕೇಳಬೇಕೆ? ಆಪರೇಷನ್ ಸುಸೂತ್ರವಾಗಲಿ, ಅದಕ್ಕೆ ಮೊದಲು ಆ ಗಂಗಮ್ಮನಿಗೆ ಬಾಗಿನ ಕೊಡುತ್ತೇನೆ ಎಂದು ಫೋಟೊಕ್ಕೇ ಕೈಮುಗಿದು ಹರಕೆ ಹೊತ್ತರು.

ಭಾನುವಾರ ಹೋದೆವು. ಸುಳ್ಳು ಯಾಕೆ, ದಾರಿ ನಿಜಕ್ಕೂ ಸುಲಭ. ಮುನ್ನೂರು ಹೆಜ್ಜೆಗೆ ಹನ್ನೊಂದು ಬೆಂಚು, ಹೃದಯದಾಕಾರದ ಸೆಲ್ಫಿ ಚೌಕಟ್ಟು, ಬಾಯ್ದೆರೆದ ಪೆಂಗ್ವಿನ್ ಕಸದಬುಟ್ಟಿ. ದಾರಿ ಪಕ್ಕದ ಭದ್ರಾ ನಾಲೆಗೂ ಪೆಂಗ್ವಿನ್ನಿಗೂ ಯಾವ ಜನ್ಮದ ನಂಟೋ ತಾವೇ ಬಲ್ಲಿರಿ. ಮಾವನವರು ಏಳನೇ ಬೆಂಚಿನಲ್ಲೇ ಗೊರಕೆ ಶುರುಮಾಡಿದರು. ದಾರಿಯ ತುದಿಯಲ್ಲಿ ಒಂದಾಳೆತ್ತರದ ಸಿಮೆಂಟು ಗೋಡೆ, ಅದರ ಕೆಳಗೆ ಒಣಗಿದ ನಾಲೆ, ನಾಲೆಯಲ್ಲಿ ಎರಡು ಆಡು. ಅತ್ತೆ ಮೊರ ಹಿಡಿದು ನಿಂತೇ ಇದ್ದರು.

ಪಕ್ಕದ ಗದ್ದೆಯ ತೋಟಪ್ಪನವರು ಬಂದು ವಿಷಯ ಬಿಡಿಸಿದರು. ಅದು ಜಲಪಾತವಲ್ಲ, ನಾಲೆಯ ನೀರು ಮೇಲಿಂದ ಕೆಳಕ್ಕಿಳಿಯುವ ಕಟ್ಟೆ. ಗದ್ದೆಗಳಿಗೆ ಬಿಡುವ ಸರದಿ ಬಂದಾಗ ನೀರು, ಇಲ್ಲದಾಗ ಇಲ್ಲ. ತಾವು ಫೋಟೊ ತೆಗೆಸಿದ್ದು ಸರದಿಯ ದಿನ.

"ಮುಂದಿನ ಸರದಿ ಇನ್ನ ಹದಿನೆಂಟು ದಿನಕ್ಕ ಐತ್ರಿ. ಕೂಡ್ರಿ, ಮಜ್ಜಿಗಿ ಕುಡೀರಿ" ಎಂದರು.

ಸ್ವಾಮಿ, ಭತ್ತದ ಸೀಮೆಯಲ್ಲಿ ಕೂತು ನಾಲೆಯ ಸರದಿ ತಿಳಿಯದವರು ಯಾರಾದರೂ ಇದ್ದಾರೆಯೇ? ‘ಎಲ್ಲ ಕಾಲಕ್ಕೂ’ ಎಂಬಲ್ಲಿ ಸಹಿ ಹಾಕುವಾಗ ಬೆಣ್ಣೆದೋಸೆ ತಿಂದ ಕೈ ಜಾರಿತೆ?

ಮನೆಗೆ ಹೋಗೋಣವೆಂದೆ. ಕೊಡಲೆಂದು ತಂದ ಬಾಗಿನ ಮತ್ತೆ ಹೊಸ್ತಿಲು ದಾಟಬಾರದಂತೆ. ಹರಿಹರದ ಹೊಳೆಗೆ ಬಿಡೋಣವೆಂದೆ. ಅದಕ್ಕೂ ಅತ್ತೆ ಒಪ್ಪಲಿಲ್ಲ.

"ಹೊಳಿಗೆ ವರ್ಸಾ ಕೊಡ್ತೀನಪ್ಪಾ. ಇದು ಇಲ್ಲಿ ಗಂಗಮ್ಮಂದು. ಒಬ್ರ ಬಾಗಿನ ಇನ್ನೊಬ್ರಿಗೆ ಕೊಟ್ಟು ನಾ ಹೆಂಗೆ ಆ ಟೇಬಲ್ ಮ್ಯಾಲೆ ಮಲಗ್ಲಿ?"

ಈಗ ಬಾಗಿನ ತೋಟಪ್ಪನವರ ಪಂಪ್‌ಹೌಸಿನಲ್ಲಿದೆ, ಅತ್ತೆ ನಮ್ಮ ಪಡಸಾಲೆಯಲ್ಲಿ ಕೈಕಟ್ಟಿ ಕೂತಿದ್ದಾರೆ. ಮೆಟ್ಟಿಲಿಗೊಮ್ಮೆ ‘ಶಿವನೇ’ ಎನ್ನುವ ಅವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈ ಗುರುವಾರ ತಪ್ಪಿದರೆ ಡಾಕ್ಟರು ಸಿಗುವುದು ಎರಡು ತಿಂಗಳಿಗೆ.

ಬುಧವಾರದೊಳಗೆ ಹತ್ತು ನಿಮಿಷ ನೀರು ಬಿಡಿಸಿ, ಇದೇ ನನ್ನ ಬೇಡಿಕೆ. ಆಗದಿದ್ದರೆ ಅತ್ತೆಯೇ ಇನ್ನೊಂದು ದಾರಿ ಹುಡುಕಿದ್ದಾರೆ.

"ಗಂಗಮ್ಮನ ಪರವಾಗಿ ಬೋರ್ಡ್ ಬರ್ಸಿದೋರು ಬಾಗಿನಾನೂ ಅವರೇ ಇಸ್ಕೊಳ್ಳಿ. ಆ ಗೋಡಿ ಕೆಳಗ ನಿಂದ್ರಿಸು, ನಾ ಮ್ಯಾಲಿಂದ ಬಿಡ್ತೀನಿ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುಹೂರ್ತ. ಬಾಗಿನದಲ್ಲಿ ಎರಡು ತೆಂಗಿನಕಾಯಿಯೂ ಇರುವುದರಿಂದ ತಾವು ಹೆಲ್ಮೆಟ್ ಧರಿಸಿ ಬರುವುದು ಕ್ಷೇಮ.

ಇಂತಿ,
ಅತ್ತೆಗೂ ಸರ್ಕಾರಕ್ಕೂ ನಡುವೆ ಸಿಕ್ಕಿಬಿದ್ದ ಅಳಿಯ,
ಬಕ್ಕೇಶ್
ನಿಜಲಿಂಗಪ್ಪ ಬಡಾವಣೆ, ದಾವಣಗೆರೆ